ಬಂಗಾರಪೇಟೆಯಲ್ಲಿ ಕೂತು ಅನುದಾನ ಹುಡುಕಿದ ಬಗೆ

ಹೋದ ತಿಂಗಳು ಮುಳಬಾಗಿಲು ಕಡೆಯಿಂದ ಇಬ್ಬರು ಹುಡುಗಿಯರು ನಮ್ಮ ಆಫೀಸಿಗೆ ಬಂದಿದ್ದರು. ಒಬ್ಬಳು ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಇನ್ನೊಬ್ಬಳು ಪತ್ರಿಕೋದ್ಯಮ ಓದಿದವಳು. ಸುತ್ತಲಿನ ಐದು ಶಾಲೆಗಳ ಮಕ್ಕಳ ಕೈಯಲ್ಲೇ ಆಡಿಯೊ ಕಾರ್ಯಕ್ರಮ ಮಾಡಿಸಿ, ಬೇರೆ ಶಾಲೆಯ ಮಕ್ಕಳಿಗೆ ಕೇಳಿಸಬೇಕು ಅನ್ನೋದು ಅವರ ಆಸೆ. ಚೀಲ ಕೆಳಗಿಡುವ ಮೊದಲೇ ಕೇಳಿದರು: "ಅಕ್ಕ, ಇದಕ್ಕೆ ಫಂಡ್ ಯಾರು ಕೊಡ್ತಾರೆ?"

ಹನ್ನೊಂದು ವರ್ಷದಿಂದ ನಾನು ಇದೇ ಪ್ರಶ್ನೆ ಹಿಡಿದು ಓಡಾಡುತ್ತಿದ್ದೇನೆ. ಬಂಗಾರಪೇಟೆ ತಾಲ್ಲೂಕಿನಲ್ಲಿ ನಮ್ಮದೊಂದು ಚಿಕ್ಕ ಟ್ರಸ್ಟ್ ಇದೆ. ಹಳ್ಳಿಯ ಹಾಡು, ಕಥೆ, ಬೇಸಾಯದ ಮಾತು, ಮಕ್ಕಳ ಪಾಠ ರೆಕಾರ್ಡ್ ಮಾಡಿ ಶಾಲೆಗಳಲ್ಲಿ, ಮಹಿಳಾ ಸಂಘಗಳಲ್ಲಿ ಕೇಳಿಸುತ್ತೇವೆ. ಅವತ್ತು ಆ ಹುಡುಗಿಯರ ಜೊತೆ ಎರಡು ಗಂಟೆ ಮಾತಾಡಿದೆ. ಅದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆದಿದ್ದೇನೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗ ಆಗಲಿ.

ನಮಗೆ ದಾರಿ ತೋರಿಸಿದ್ದು ಬೂದಿಕೋಟೆ. ನಮ್ಮ ತಾಲ್ಲೂಕಿನದೇ ಊರು, ಹೈದರಾಲಿ ಹುಟ್ಟಿದ ಊರು. 2000ರ ದಶಕದ ಆರಂಭದಲ್ಲಿ ಅಲ್ಲಿ 'ನಮ್ಮ ಧ್ವನಿ' ಅನ್ನೋ ಸಮುದಾಯ ರೇಡಿಯೊ, ಅಂದರೆ ಊರಿನವರೇ ನಡೆಸುವ ರೇಡಿಯೊ, ಶುರುವಾಯಿತು. ಆಗ ಹಳ್ಳಿಯ ಸಂಘಗಳು ರೇಡಿಯೊ ನಡೆಸೋಕೆ ಅನುಮತಿಯೇ ಇರಲಿಲ್ಲ. ರೇಡಿಯೊ ತರಂಗ ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ ಸಮುದಾಯ ರೇಡಿಯೊ ಬಾಗಿಲು 2002ರಲ್ಲಿ ತೆರೆದದ್ದು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ನಮ್ಮಂಥ ಸಂಸ್ಥೆಗಳಿಗೆ ತೆರೆದದ್ದು 2006ರಲ್ಲಿ. ಬೂದಿಕೋಟೆಯವರು ಅಲ್ಲಿಯವರೆಗೆ ಕಾಯಲಿಲ್ಲ. ಟಿವಿ ಕೇಬಲ್ ತಂತಿಯಲ್ಲೇ ದನಿ ಕಳಿಸಿದರು. ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಜೊತೆ ನಿಂತವು, ಯುನೆಸ್ಕೊ ನೆರವು ಕೊಟ್ಟಿತು. ನಾನಾಗ ಹೈಸ್ಕೂಲು ಹುಡುಗಿ. ನೆಂಟರ ಮನೆಯ ಟಿವಿಯಿಂದ ಪಕ್ಕದೂರಿನ ಹೆಂಗಸಿನ ದನಿ ಬಂದದ್ದು ಇವತ್ತಿಗೂ ಕಿವಿಯಲ್ಲಿದೆ. ಅವರ ಕೈಯಲ್ಲಿ ಲೈಸೆನ್ಸ್ ಇರಲಿಲ್ಲ, ಆದರೆ ಕೆಲಸ ಇತ್ತು. ನೆರವು ಆ ಕೆಲಸವನ್ನು ನೋಡಿ ಬಂತು.

ಮೊದಲು ಕೇಳಿಸೋಕೆ ಏನಾದರೂ ಇರಲಿ

ಅರ್ಜಿ ಬರೆಯುವ ಮುಂಚೆ ಒಂದು ತುಣುಕು ಮಾಡಿ. ಮೂರು ನಿಮಿಷ ಸಾಕು. ಫೋನಿನಲ್ಲೇ ಆಗಲಿ, ಪರವಾಗಿಲ್ಲ.

ನಮ್ಮ ಮೊದಲ ತುಣುಕು ಕಾಮಸಮುದ್ರ ಕಡೆಯ ಒಬ್ಬ ಅಜ್ಜಿಯ ರಾಗಿ ಬೀಸುವ ಪದ. ಅವರ ಮನೆಯ ಬೀಸುವ ಕಲ್ಲು ಕೊಟ್ಟಿಗೆಯ ಮೂಲೆ ಸೇರಿ ಎಷ್ಟೋ ವರ್ಷ ಆಗಿತ್ತು. ಸುಮ್ನೆ ಕೂತು ಹಾಡಿ ಅಂದರೆ ಅಜ್ಜಿಗೆ ಒಂದು ಸಾಲೂ ನೆನಪಾಗಲಿಲ್ಲ. ಮಗ ಹೋಗಿ ಕಲ್ಲು ತೊಳೆದು ತಂದಿಟ್ಟ. ಒಂದು ಹಿಡಿ ರಾಗಿ ಹಾಕಿ, ಗೂಟ ಹಿಡಿದು ಎರಡು ಸುತ್ತು ತಿರುಗಿಸಿದ್ದೇ ತಡ, ಪದ ತಾನಾಗೇ ಬಂತು. ಅರ್ಧ ಕನ್ನಡ, ಅರ್ಧ ತೆಲುಗು, ನಮ್ಮ ಕಡೆಯ ಮಾತಿನ ಹಾಗೆ. ಕಲ್ಲಿನ ಗರಗರ ಸದ್ದು, ಬಳೆ ಸದ್ದು, ಹಿಂದೆ ಎಲ್ಲೋ ಒಂದು ಕೋಳಿ. ಮೂರು ನಿಮಿಷ ಇಪ್ಪತ್ತು ಸೆಕೆಂಡು.

ಅದನ್ನು ಮೂರು ಶಾಲೆಗಳಲ್ಲಿ ಕೇಳಿಸಿದೆವು. ಮಕ್ಕಳು ಏನು ಕೇಳಿದರು, ಏನು ಹೇಳಿದರು ಅನ್ನೋದನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಒಬ್ಬಳು "ಆಗ ಮಿಕ್ಸಿ ಇರಲಿಲ್ವಾ ಮಿಸ್?" ಅಂದಳು. ಒಬ್ಬ ಹುಡುಗ ಮಾರನೇ ದಿನ ಬಂದು, ತನ್ನ ಅಜ್ಜಿಗೆ ಇದಕ್ಕಿಂತ ಉದ್ದದ ಪದ ಬರುತ್ತೆ ಅಂತ ಹೇಳಿದ. ಹೀಗೆ 43 ಮಕ್ಕಳ ಮಾತು ಆ ಪುಸ್ತಕದಲ್ಲಿದೆ.

ಬೆಂಗಳೂರಿನಲ್ಲಿ ಅನುದಾನ ಕೊಡುವ ಒಂದು ಸಂಸ್ಥೆಯವರು ನಮ್ಮ ಮೊದಲ ಭೇಟಿಗೆ ಹದಿನೈದು ನಿಮಿಷ ಕೊಟ್ಟಿದ್ದರು. ಅಲ್ಲಿನ ಮೇಡಂ ಒಬ್ಬರು ತುಣುಕು ಕೇಳಿಸಿಕೊಂಡು "ಇದನ್ನು ಕೇಳೋರು ಯಾರು?" ಅಂದರು. ನಾನು ನೋಟ್‌ಬುಕ್ ಬಿಚ್ಚಿ ಮುಂದಿಟ್ಟೆ. ಅವರು ಒಂದೊಂದೇ ಪುಟ ತಿರುಗಿಸಿ ಓದಿದರು. ನಾವು ಅಲ್ಲಿಂದ ಹೊರಟಾಗ ಒಂದು ಗಂಟೆ ದಾಟಿತ್ತು. ಒಳ್ಳೆಯ ತುಣುಕು, ಕೇಳಿದವರ ಮಾತು. ಈ ಎರಡು ಕೈಯಲ್ಲಿಲ್ಲದೆ ಯಾರ ಬಾಗಿಲಿಗೂ ಹೋಗಬೇಡಿ.

ಶಾಲೆಯೊಳಗೆ ಕೆಲಸ ಮಾಡುವುದಾದರೆ ಮುಖ್ಯ ಶಿಕ್ಷಕರನ್ನೂ ಎಸ್‌ಡಿಎಂಸಿಯವರನ್ನೂ ಮೊದಲೇ ಕಂಡು ಮಾತಾಡಿ. ಬಿಇಒ ಕಚೇರಿಯಿಂದ ಅನುಮತಿ ಪತ್ರ ತೆಗೆದುಕೊಳ್ಳಿ. ಅರ್ಜಿಯ ಜೊತೆ ಆ ಪತ್ರ ಇದ್ದರೆ ಬಲ ಬರುತ್ತದೆ.

ಕಾಗದ ಪತ್ರ

ಇದು ಬೇಜಾರಿನ ಕೆಲಸ. ಆದರೆ ಜಾಸ್ತಿ ಅರ್ಜಿಗಳು ಬಿದ್ದುಹೋಗುವುದು ಇಲ್ಲೇ.

ಟ್ರಸ್ಟ್ ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಡೀಡ್ ನೋಂದಣಿ ಆಗಬೇಕು. ಸಂಘ ಆದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಇದೆ, ಅದಕ್ಕೆ ಕನಿಷ್ಠ ಏಳು ಜನ ಬೇಕು. ಆಮೇಲೆ ಸಂಸ್ಥೆಯ ಹೆಸರಿನಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಆದಾಯ ತೆರಿಗೆ ಇಲಾಖೆಯಲ್ಲಿ ಜನ 12ಎ, 80ಜಿ ಅಂತ ಕರೆಯುವ ನೋಂದಣಿಗಳು. ಮೊದಲನೆಯದು ಸಂಸ್ಥೆಯ ತೆರಿಗೆ ವಿನಾಯಿತಿಗೆ, ಎರಡನೆಯದು ದೇಣಿಗೆ ಕೊಟ್ಟವರ ರಿಯಾಯಿತಿಗೆ. ಹೊಸ ಸಂಸ್ಥೆಗೆ ಮೊದಲು ತಾತ್ಕಾಲಿಕ ನೋಂದಣಿ ಸಿಗುತ್ತದೆ. ಸರ್ಕಾರದ ಅನುದಾನ ಬೇಕಿದ್ದರೆ ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ನೋಂದಾಯಿಸಿ ಸಂಖ್ಯೆ ಪಡೆಯಿರಿ. ಕಂಪನಿಗಳು ಸಮಾಜಕ್ಕೆ ಖರ್ಚು ಮಾಡಬೇಕಾದ ಸಿಎಸ್‌ಆರ್ ಹಣಕ್ಕೆ ಸಿಎಸ್‌ಆರ್-1 ಫಾರಂ ತುಂಬಿ ನೋಂದಣಿ ಸಂಖ್ಯೆ ತೆಗೆದುಕೊಳ್ಳಬೇಕು. 2021ರ ಏಪ್ರಿಲ್‌ನಿಂದ ಇದು ಕಡ್ಡಾಯ. ಇಂಥದ್ದೇ ಕೆಲಸದಲ್ಲಿ ಮೂರು ವರ್ಷದ ಅನುಭವವನ್ನೂ ಕೇಳುತ್ತಾರೆ.

ಇವೆಲ್ಲದರಲ್ಲೂ ಸಂಸ್ಥೆಯ ಹೆಸರು ಅಕ್ಷರ ಅಕ್ಷರ ಒಂದೇ ಥರ ಇರಲಿ. ನಮ್ಮ ಹೆಸರಿನಲ್ಲಿ 'ಶಿಕ್ಷಣ' ಅನ್ನೋ ಪದ ಇದೆ. ಇಂಗ್ಲಿಷಿನಲ್ಲಿ ಬರೆಯುವಾಗ ಡೀಡಿನಲ್ಲಿ ಒಂದು ಥರ ಆಗಿತ್ತು, ಪ್ಯಾನ್ ಕಾರ್ಡಿನಲ್ಲಿ ಒಂದಕ್ಷರ ಕಡಿಮೆ. ನಾಲ್ಕು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಕೊನೆಗೆ ಒಂದು ಕಂಪನಿ ನಮ್ಮ ಯೋಜನೆ ಒಪ್ಪಿ, ದುಡ್ಡು ಹಾಕುವ ವಾರ ಅವರ ಕಂಪ್ಯೂಟರು ಅದನ್ನು ಹಿಡಿಯಿತು. ತಿದ್ದುಪಡಿಗೆ ಏಳು ವಾರ ಆಯಿತು. ಅಷ್ಟರಲ್ಲಿ ಮಾರ್ಚ್ ಕಳೆಯಿತು, ಆ ವರ್ಷದ ಹಣ ಬೇರೆ ಕಡೆ ಹೋಯಿತು. ಇಬ್ಬರು ಹುಡುಗಿಯರಿಗೆ ಕೆಲಸ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೆ. ಒಂದಕ್ಷರದಿಂದ ಆ ಮಾತು ತಪ್ಪಿತಲ್ಲ ಅಂತ ಈಗಲೂ ಸಂಕಟ ಆಗುತ್ತದೆ. ಇವತ್ತೇ ನಿಮ್ಮ ಡೀಡ್, ಪ್ಯಾನ್, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಯಾವ ದುಡ್ಡು ಯಾವುದಕ್ಕೆ

ಎಲ್ಲ ದುಡ್ಡೂ ಒಂದೇ ಅಲ್ಲ. ಸಾಮಾನು ಕೊಳ್ಳೋಕೆ ಕೊಡುವವರು ಸಂಬಳಕ್ಕೆ ಕೊಡುವುದಿಲ್ಲ. ಕಾರ್ಯಕ್ರಮಕ್ಕೆ ಕೊಡುವವರು ಕಟ್ಟಡಕ್ಕೆ ಕೊಡುವುದಿಲ್ಲ. ಇದನ್ನು ತಿಳಿದುಕೊಂಡರೆ ಅರ್ಧ ಓಡಾಟ ತಪ್ಪುತ್ತದೆ.

ನಿಮ್ಮ ಹತ್ತಿರ ಇನ್ನೂ ಟ್ರಸ್ಟೇ ಇಲ್ಲ, ನೀವೊಬ್ಬರೇ, ಅಂದರೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಮೊದಲ ಬಾಗಿಲು. 1993ರಲ್ಲಿ ಶುರುವಾದ ಸಂಸ್ಥೆ, ಜನ ಐಎಫ್‌ಎ ಅಂತಾರೆ. ಅವರ 'ಕಲಿ-ಕಲಿಸು' ಕಲಾ ಶಿಕ್ಷಣ ಕಾರ್ಯಕ್ರಮ ನಮ್ಮ ಕರ್ನಾಟಕದ ಶಾಲೆಗಳಿಗಾಗಿಯೇ ಇರುವಂಥದ್ದು. ಸರ್ಕಾರಿ ಶಾಲೆಯ ಶಿಕ್ಷಕರು, ಕಲಾವಿದರು ತಮ್ಮ ಹೆಸರಿನಲ್ಲೇ ಅರ್ಜಿ ಹಾಕಬಹುದು. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಮಕ್ಕಳು ಊರಿನ ಹಾಡು, ಕುಣಿತ, ಕಥೆಯ ಮೂಲಕ ಪಾಠ ಕಲಿಯುವ ಕೆಲಸ ನಿಮ್ಮದಾದರೆ ಇದು ಸರಿಹೊಂದುತ್ತದೆ. ಆ ಅತಿಥಿ ಶಿಕ್ಷಕಿಗೆ ನಾನು ಮೊದಲು ಹೇಳಿದ್ದು ಇದನ್ನೇ.

ರಾಜ್ಯ ಸರ್ಕಾರದ ಕಡೆಯಿಂದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳಿಗೆ ಧನಸಹಾಯ ಕೊಡುತ್ತದೆ. ಪ್ರಕಟಣೆ ಬಂದಾಗ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಈ ಹಣ ಹೆಚ್ಚಾಗಿ ಕಾರ್ಯಕ್ರಮ ನಡೆಸೋಕೆ. ಹಿಂದಿನ ವರ್ಷಗಳ ಆಡಿಟ್ ವರದಿ, ಕಾರ್ಯಕ್ರಮದ ಫೋಟೊ, ಕರಪತ್ರ, ಪತ್ರಿಕೆಯಲ್ಲಿ ಬಂದ ಸುದ್ದಿ ಎಲ್ಲ ಜೋಡಿಸಿಡಿ. ಜಿಲ್ಲಾ ಕಚೇರಿಯ ಸಿಬ್ಬಂದಿಯನ್ನು ಖುದ್ದಾಗಿ ಕಂಡು ಈ ಸಲ ಏನೇನು ಕೇಳಿದ್ದಾರೆ ಅಂತ ತಿಳಿದುಕೊಂಡು ಬನ್ನಿ. ಜನಪದ ಹಾಡಿನ ಕೆಲಸ ಆದರೆ ಕರ್ನಾಟಕ ಜಾನಪದ ಅಕಾಡೆಮಿ ಕಡೆಯೂ ಒಂದು ಕಣ್ಣಿರಲಿ.

ವಿಜ್ಞಾನದ ಕಾರ್ಯಕ್ರಮಕ್ಕೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಲ್ಲಿ ವಿಜ್ಞಾನ ಸಂವಹನಕ್ಕಾಗಿಯೇ ಒಂದು ರಾಷ್ಟ್ರೀಯ ಮಂಡಳಿ ಇದೆ. ಎನ್‌ಸಿಎಸ್‌ಟಿಸಿ ಅಂತ ಕರೆಯುತ್ತಾರೆ. ಮಹಿಳೆಯರ ಆರೋಗ್ಯ, ಪೌಷ್ಟಿಕ ಆಹಾರದ ಬಗ್ಗೆ ಸಮುದಾಯ ರೇಡಿಯೊಗಳು ಮಾಡಿದ ಸರಣಿಗಳಿಗೆ ಇದು ಹಿಂದೆ ಹಣ ಕೊಟ್ಟಿದೆ. ನಮ್ಮ ಜಿಲ್ಲೆಯ ವಿಷಯಗಳನ್ನೇ ನೋಡಿ. ಕೊಳವೆಬಾವಿ ಬತ್ತೋದು, ಕುಡಿಯುವ ನೀರಿನ ಫ್ಲೋರೈಡ್, ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ನಮ್ಮ ಕೆರೆಗಳಿಗೆ ಬಂದದ್ದು. ಚಿಕ್ಕಬಳ್ಳಾಪುರದವರಿಗೆ ಗೌರಿಬಿದನೂರಿನ ರೇಡಿಯೊ ದೂರದರ್ಶಕ ಕೇಂದ್ರ ಪಕ್ಕದಲ್ಲೇ ಇದೆ. ವಿಷಯಕ್ಕೆ ಬರ ಇಲ್ಲ.

ಪೂರ್ತಿ ರೇಡಿಯೊ ಕೇಂದ್ರವೇ ಬೇಕು ಅಂದರೆ ದಾರಿ ಬೇರೆ. ಲೈಸೆನ್ಸ್ ಕೊಡುವುದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ. ಒಬ್ಬ ವ್ಯಕ್ತಿಗೆ ಸಿಗುವುದಿಲ್ಲ, ರಾಜಕೀಯ ಪಕ್ಷಕ್ಕೂ ಸಿಗುವುದಿಲ್ಲ. ಕಾರ್ಯಕ್ರಮದಲ್ಲಿ ಕನಿಷ್ಠ ಅರ್ಧ ಸ್ಥಳೀಯವಾಗಿ ಮಾಡಿದ್ದಾಗಿರಬೇಕು. ಸ್ವಂತ ಸುದ್ದಿ ಓದುವಂತಿಲ್ಲ, ಆಕಾಶವಾಣಿ ಸುದ್ದಿಯನ್ನು ಹಾಗೇ ಪ್ರಸಾರ ಮಾಡಬಹುದು. ಸಲಕರಣೆ ಕೊಳ್ಳೋಕೆ ಸಚಿವಾಲಯದ ನೆರವಿನ ಯೋಜನೆ ಇದೆ, ಆದರೆ ಅದು ಖರ್ಚಿನ ಒಂದು ಪಾಲು ಮಾತ್ರ. ಉಳಿದದ್ದು ನಿಮ್ಮದು. ಕೇಂದ್ರ ನಿಂತ ಮೇಲೆ ಜಾಹೀರಾತಿಗೆ ಗಂಟೆಗೆ 12 ನಿಮಿಷದವರೆಗೆ ಅವಕಾಶ ಇದೆ. 2024ಕ್ಕೆ ಮುಂಚೆ ಇದು ಇನ್ನೂ ಕಡಿಮೆ ಇತ್ತು. ಹೊಸಬರಿಗೆ ನನ್ನ ಸಲಹೆ ಇಷ್ಟೆ. ಕೇಂದ್ರದ ಕನಸು ಇರಲಿ, ಆದರೆ ಎರಡು ವರ್ಷ ಹೀಗೇ ಕಾರ್ಯಕ್ರಮ ಮಾಡಿ ಕೇಳಿಸಿ ಅಭ್ಯಾಸ ಮಾಡಿಕೊಳ್ಳಿ. ತುಮಕೂರಿನ ರೇಡಿಯೊ ಸಿದ್ಧಾರ್ಥದಂಥ ಕೇಂದ್ರಕ್ಕೆ ಹೋಗಿ ನೋಡಿ, ನಿಮ್ಮ ಕಾರ್ಯಕ್ರಮ ಹಾಕುತ್ತೀರಾ ಅಂತ ಕೇಳಿ.

ಇನ್ನು ಕಂಪನಿಗಳು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2 ರೂಪಾಯಿ ಸಮಾಜಕ್ಕೆ ಖರ್ಚು ಮಾಡಬೇಕು. ಶಿಕ್ಷಣ, ಕಲೆ, ಸಂಸ್ಕೃತಿ ಅದರ ಪಟ್ಟಿಯಲ್ಲಿವೆ. ತಾನು ಕೆಲಸ ಮಾಡುವ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತಲೂ ಕಾಯ್ದೆ ಹೇಳುತ್ತದೆ. ನಮಗೆ ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಿವೆ. ತುಮಕೂರಿನವರಿಗೆ ವಸಂತನರಸಾಪುರ ಇದೆ, ಗುಬ್ಬಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಕೆಜಿಎಫ್‌ನಲ್ಲಿ ಬೆಮೆಲ್ ಇದೆ. ಕಾರ್ಖಾನೆ ಗೇಟಿನಲ್ಲಿ ಅರ್ಜಿ ಕೊಟ್ಟು ಬಂದರೆ ಅದು ಎಲ್ಲಿ ಹೋಗುತ್ತದೋ ಗೊತ್ತಾಗುವುದಿಲ್ಲ. ಕಂಪನಿಯ ಮಂಡಳಿ ಒಪ್ಪಿದ ಸಿಎಸ್‌ಆರ್ ಯೋಜನೆಗಳನ್ನು, ವೆಬ್‌ಸೈಟ್ ಇದ್ದರೆ ಅದರಲ್ಲಿ ಹಾಕಬೇಕು ಅಂತ ನಿಯಮ ಇದೆ. ಅದನ್ನು ಓದಿ. ಮೂರು ವರ್ಷ ಬರೀ ಶಾಲಾ ಶೌಚಾಲಯ ಕಟ್ಟಿಸಿದ ಕಂಪನಿಗೆ ಆಡಿಯೊ ಯೋಜನೆ ಕಳಿಸಬೇಡಿ. ಗ್ರಂಥಾಲಯ, ಓದು, ಭಾಷೆ ಕಲಿಕೆಗೆ ಕೊಟ್ಟವರನ್ನು ಹುಡುಕಿ. ಸರ್ಕಾರದ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲೂ ಯಾವ ಕಂಪನಿ ಎಷ್ಟು ಖರ್ಚು ಮಾಡಿದೆ ಅಂತ ನೋಡಬಹುದು.

ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. "ಸಿಎಸ್‌ಆರ್‌ನಲ್ಲಿ ಆಡಳಿತ ವೆಚ್ಚ ನೂರಕ್ಕೆ 5 ದಾಟಬಾರದು, ನಿಮ್ಮ ಸಂಬಳ ಕಡಿಮೆ ಮಾಡಿ" ಅಂತ ನಮಗೂ ಹೇಳಿದ್ದಾರೆ. ಆ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಹಳ್ಳಿಯಲ್ಲಿ ಯೋಜನೆ ನಡೆಸುವವರ ಕೂಲಿಗೆ ಅಲ್ಲ. ಇದನ್ನು ವಿನಯವಾಗಿ, ಆದರೆ ಗಟ್ಟಿಯಾಗಿ ಹೇಳಿ.

ಹೊರದೇಶದ ಹಣದ ವಿಷಯದಲ್ಲಿ ಬಹಳ ಹುಷಾರು. ಅದಕ್ಕೆ ಎಫ್‌ಸಿಆರ್‌ಎ ಅನ್ನೋ ಕಾಯ್ದೆ ಇದೆ. ಎಫ್‌ಸಿಆರ್‌ಎ ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದೆ ಸಂಸ್ಥೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ. ನೋಂದಣಿ ಇರುವ ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ನಿಮಗೆ ದಾಟಿಸುವುದಕ್ಕೂ 2020ರ ತಿದ್ದುಪಡಿ ತಡೆ ಹಾಕಿದೆ. ಮಾಧ್ಯಮದವರು ತಿಳಿಯಲೇಬೇಕಾದ್ದು ಇನ್ನೊಂದಿದೆ. ಸುದ್ದಿ ಅಥವಾ ಪ್ರಚಲಿತ ವಿದ್ಯಮಾನದ ಆಡಿಯೊ, ವಿಡಿಯೊ ಮಾಡಿ ಪ್ರಸಾರ ಮಾಡುವ ಸಂಸ್ಥೆಗೆ, ನೋಂದಾಯಿತ ಪತ್ರಿಕೆಯ ಸಂಪಾದಕರಿಗೆ, ಪ್ರಕಾಶಕರಿಗೆ, ವರದಿಗಾರರಿಗೆ ವಿದೇಶಿ ದೇಣಿಗೆ ಪಡೆಯುವುದೇ ನಿಷಿದ್ಧ. ಮಾಧ್ಯಮ ಬೆಳೆಸೋಕೆ ಇರುವ ಯುನೆಸ್ಕೊದ ಐಪಿಡಿಸಿ ಕಾರ್ಯಕ್ರಮ, ಕಾಮನ್‌ವೆಲ್ತ್ ದೇಶಗಳ ಶೈಕ್ಷಣಿಕ ಮಾಧ್ಯಮ ಕೇಂದ್ರವಾದ ದೆಹಲಿಯ ಸೆಮ್ಕಾ, ಇಂಥ ಹೆಸರುಗಳು ಸಮುದಾಯ ಮಾಧ್ಯಮದ ಮಾತು ಬಂದಾಗಲೆಲ್ಲ ಕೇಳಿಬರುತ್ತವೆ. ಒಳ್ಳೆಯ ಕೆಲಸಕ್ಕೆ ನಿಂತವರೇ. ಆದರೂ ಅರ್ಜಿಗೆ ಮುಂಚೆ ಆಡಿಟರ್ ಹತ್ತಿರ ಈ ವಿಷಯ ಮಾತಾಡಿ. ಸುದ್ದಿ, ವರದಿಗಾರಿಕೆಯೇ ನಿಮ್ಮ ಕೆಲಸ ಆದರೆ 2015ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂಡಿಪೆಂಡೆಂಟ್ ಅಂಡ್ ಪಬ್ಲಿಕ್ ಸ್ಪಿರಿಟೆಡ್ ಮೀಡಿಯಾ ಫೌಂಡೇಶನ್ ಇದೆ.

ಶಾಸಕರ ನಿಧಿ, ಸಂಸದರ ನಿಧಿ ಬಹಳ ಕಾಲ ಬಾಳುವ ಆಸ್ತಿಗೆ. ಕೊಠಡಿ, ಕಟ್ಟಡ ಆಗಬಹುದು. ಸಂಬಳಕ್ಕೆ ಕೇಳಬೇಡಿ.

ಊರಿನ ದುಡ್ಡನ್ನು ಮರೆಯಬೇಡಿ. "ನಿಮ್ಮ ಪಾಲು ಎಷ್ಟು?" ಅಂತ ದೊಡ್ಡವರು ಕೇಳಿಯೇ ಕೇಳುತ್ತಾರೆ. ನಾವು ಒಂದು ಶಾಲೆಯ ಹಳೆ ವಿದ್ಯಾರ್ಥಿಗಳಿಂದ ತಲಾ 500 ರೂಪಾಯಿ ಸೇರಿಸಿದೆವು. 62 ಜನ ಕೊಟ್ಟರು, 31,000 ಆಯಿತು. ಅದರಲ್ಲಿ ಕೋಲಾರದ ಟೊಮೆಟೊ ಮಂಡಿಯಲ್ಲಿ ಕ್ರೇಟು ಹೊರುವವರಿದ್ದರು, ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರಿದ್ದರು. ಆ 62 ಹೆಸರಿನ ಪಟ್ಟಿಯನ್ನು ಅರ್ಜಿಗೆ ಲಗತ್ತಿಸಿದೆ. ಅದನ್ನು ನೋಡಿದ ಮೇಲೆ ಯಾರೂ ನಮ್ಮನ್ನು "ಊರಿನವರಿಗೆ ಇದು ಬೇಕಾ?" ಅಂತ ಕೇಳಲಿಲ್ಲ. 80ಜಿ ಇದ್ದರೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗಬಹುದು. ಆದರೆ 2,000 ರೂಪಾಯಿ ಮೀರಿದ್ದು ನಗದಾಗಿದ್ದರೆ ಆ ರಿಯಾಯಿತಿ ಇಲ್ಲ. ಫೋನ್‌ಪೇಯೋ ಚೆಕ್ಕೋ ಆಗಲಿ ಅಂತ ಹೇಳಿ.

ಲೆಕ್ಕದ ಹಾಳೆ

ಮೊದಲ ಅನುದಾನದಲ್ಲಿ ನಾವು ಎರಡು ಒಳ್ಳೆ ರೆಕಾರ್ಡರ್ ಕೊಂಡೆವು. ಜನರ ಕೂಲಿ ಕೇಳೋಕೆ ಸಂಕೋಚ ಆಗಿತ್ತು. ಸೇವೆ ಅಂದಮೇಲೆ ಸಂಬಳ ಕೇಳಬಾರದು ಅಂತ ನನ್ನ ತಲೆಯಲ್ಲಿತ್ತು. ರೆಕಾರ್ಡರು ಆರು ತಿಂಗಳು ಬೀರುವಿನಲ್ಲೇ ಇತ್ತು. ಹಳ್ಳಿಗೆ ಹೋಗೋಕೆ ಬಸ್ ಚಾರ್ಜು ಇಲ್ಲ, ದಿನದ ಕೆಲಸ ಬಿಟ್ಟು ಬರೋಕೆ ಯಾರಿಗೂ ಆಗುವುದಿಲ್ಲ. ಆಮೇಲೆ ಬರೆದ ಲೆಕ್ಕ ನೋಡಿ. ಹನ್ನೆರಡು ಸಂಚಿಕೆ, ಆರು ತಿಂಗಳು:

ರೆಕಾರ್ಡಿಂಗ್ ಮಾಡುವ ಊರಿನ ಇಬ್ಬರು ಹುಡುಗಿಯರಿಗೆ ತಿಂಗಳಿಗೆ ತಲಾ 10,000ದಂತೆ: 1,20,000
ಎಡಿಟಿಂಗ್, ಸಂಚಿಕೆಗೆ 2,500ರಂತೆ: 30,000
ಹಾಡುವವರಿಗೆ, ಕಥೆ ಹೇಳುವವರಿಗೆ ಗೌರವಧನ, 24 ಜನಕ್ಕೆ 1,000ದಂತೆ: 24,000
ಓಡಾಟ, ತಿಂಗಳಿಗೆ 4,000: 24,000
ಎರಡು ರೆಕಾರ್ಡರ್, ಮೈಕು, ಹೆಡ್‌ಫೋನು, ಮೆಮೊರಿ ಕಾರ್ಡು: 42,000
ಶಾಲೆಗಳಲ್ಲಿ ಕೇಳಿಸುವ ಕಾರ್ಯಕ್ರಮ, 12ಕ್ಕೆ 1,500ರಂತೆ: 18,000
ಕರೆಂಟು, ಫೋನು, ಇಂಟರ್‌ನೆಟ್, ತಿಂಗಳಿಗೆ 2,500: 15,000
ಲೆಕ್ಕಪತ್ರ, ಆಡಿಟ್: 15,000

ಒಟ್ಟು 2,88,000. ಇದರಲ್ಲಿ ಮೊದಲ ಮೂರು ಸಾಲೇ 1,74,000, ಅಂದರೆ ನೂರಕ್ಕೆ ಅರವತ್ತು ಭಾಗ ಮನುಷ್ಯರಿಗೆ ಹೋಗುತ್ತದೆ. ಆಡಿಯೊ ಕೆಲಸ ಅಂದರೆ ಮನುಷ್ಯರ ಕೆಲಸ. ಹಾಗೇ ಇರಬೇಕು. "ಹಾಡೋ ಅಜ್ಜಿಗೆ ದುಡ್ಡು ಯಾಕೆ, ಖುಷಿಗೆ ಹಾಡ್ತಾರಲ್ಲ" ಅಂತ ಒಬ್ಬರು ಕೇಳಿದ್ದರು. ಅಜ್ಜಿ ಅವತ್ತು ಕಳೆ ಕೀಳೋಕೆ ಹೋಗಿದ್ದರೆ ಕೂಲಿ ಬರುತ್ತಿತ್ತು. ನಮ್ಮ ಜೊತೆ ಕೂತದ್ದಕ್ಕೆ ಅದು ತಪ್ಪಿತು. ಆ ಸಾಲನ್ನು ನಾನು ಯಾವತ್ತೂ ಹೊಡೆದುಹಾಕಿಲ್ಲ.

ಸಂಖ್ಯೆಗಳನ್ನು ಅಂದಾಜಿನಲ್ಲಿ ತುಂಬಬೇಡಿ. ಸಾಮಾನಿಗೆ ಮೂರು ಕಡೆಯ ಕೊಟೇಶನ್ ತನ್ನಿ. ಕೊಡುವವರು ಹಣ ಕಡಿಮೆ ಮಾಡಿ ಅಂದರೆ ಕೂಲಿ ಇಳಿಸಬೇಡಿ, ಸಂಚಿಕೆ ಇಳಿಸಿ. ಹನ್ನೆರಡರ ಬದಲು ಎಂಟು ಮಾಡುತ್ತೇವೆ ಅನ್ನಿ.

ಪತ್ರ ಮತ್ತು ಭೇಟಿ

ಉದ್ದದ ಅರ್ಜಿಗೆ ಮುಂಚೆ ಒಂದು ಪುಟದ ಪತ್ರ ಕಳಿಸಿ. ನನ್ನ ಹಳೆಯ ಪತ್ರ "ಗ್ರಾಮೀಣ ಸಮುದಾಯಗಳ ಸಾಂಸ್ಕೃತಿಕ ಸಬಲೀಕರಣದ ಮಹತ್ತರ ಉದ್ದೇಶದಿಂದ" ಅಂತ ಶುರುವಾಗುತ್ತಿತ್ತು. ಎಲ್ಲರ ಪತ್ರವೂ ಹಾಗೇ ಇರುತ್ತದೆ. ಈಗ ಹೀಗೆ ಬರೆಯುತ್ತೇನೆ:

"ಬಂಗಾರಪೇಟೆ ತಾಲ್ಲೂಕಿನ ಮೂರು ಸರ್ಕಾರಿ ಶಾಲೆಗಳ ಮಕ್ಕಳಿಗೆ ರಾಗಿ ಬೀಸುವ ಪದವೊಂದನ್ನು ಕೇಳಿಸಿದೆವು. ಮಕ್ಕಳು ಮನೆಗೆ ಹೋಗಿ ತಮ್ಮ ಅಜ್ಜಿಯರಿಂದ ಹನ್ನೊಂದು ಪದ ಕೇಳಿ ಬರೆದು ತಂದರು. ಇಂಥ ಹನ್ನೆರಡು ಸಂಚಿಕೆ ಮಾಡಿ ಹನ್ನೆರಡು ಶಾಲೆಗಳಲ್ಲಿ ಕೇಳಿಸಲು 2,88,000 ರೂಪಾಯಿ ಬೇಕು. ಅದರಲ್ಲಿ 31,000 ಊರಿನವರು ಕೊಟ್ಟಿದ್ದಾರೆ. ಉಳಿದ 2,57,000ಕ್ಕೆ ನಿಮ್ಮ ನೆರವು ಕೋರುತ್ತೇವೆ."

ಏನು ಮಾಡಿದೆವು, ಏನಾಯಿತು, ಏನು ಮಾಡುತ್ತೇವೆ, ಎಷ್ಟು ಬೇಕು. ಮೊತ್ತವನ್ನು ಮೊದಲ ಪ್ಯಾರಾದಲ್ಲೇ ಬರೆಯಿರಿ. ಕೊನೆಯ ಪುಟಕ್ಕೆ ನೂಕಬೇಡಿ.

ಕಂಪನಿಗಳ ಜೊತೆ ಮಾತು ಜನವರಿ, ಫೆಬ್ರವರಿಯಲ್ಲಿ ಶುರು ಮಾಡಿದರೆ ಏಪ್ರಿಲ್‌ನಿಂದ ಶುರುವಾಗುವ ವರ್ಷದ ಯೋಜನೆಗೆ ಸೇರುವ ಸಾಧ್ಯತೆ ಇರುತ್ತದೆ. ಭೇಟಿಗೆ ಹೋಗುವಾಗ ರೆಕಾರ್ಡಿಂಗ್ ಮಾಡುವ ಹುಡುಗಿಯರನ್ನೂ ಕರೆದುಕೊಂಡು ಹೋಗಿ. ನಮ್ಮವಳೊಬ್ಬಳು ಕಾಲೇಜು ಅರ್ಧಕ್ಕೆ ಬಿಟ್ಟವಳು. ಬೆಂಗಳೂರಿನ ಆಫೀಸಿನಲ್ಲಿ ಮೈಕು ಯಾವ ದೂರದಲ್ಲಿ ಹಿಡಿದರೆ ಬಳೆ ಸದ್ದು ಎಷ್ಟು ಕೇಳುತ್ತೆ ಅಂತ ವಿವರಿಸಿದಳು. ನಾನು ಹತ್ತು ಪುಟ ಬರೆದರೂ ಅಷ್ಟು ನಂಬಿಕೆ ಹುಟ್ಟುತ್ತಿರಲಿಲ್ಲ.

ಬೇಡ ಅಂದವರಿಗೆ ಧನ್ಯವಾದ ಬರೆದು, ಏನು ಕೊರತೆ ಆಯಿತು ಅಂತ ಕೇಳಿ. ಉತ್ತರ ಬರುವುದು ಅಪರೂಪ. ಬಂದರೆ ಬಂಗಾರ.

ದುಡ್ಡು ಬಂದ ಮೇಲೆ

ಪ್ರತಿ ಅನುದಾನಕ್ಕೂ ಬೇರೆ ಲೆಜರ್ ಇಡಿ. ಸಾಧ್ಯವಾದರೆ ಬೇರೆ ಬ್ಯಾಂಕ್ ಖಾತೆಯೇ ಇರಲಿ. ಕೇಂದ್ರ ಸರ್ಕಾರದ ಹಣಕ್ಕೆ ಬಂದ ಬಡ್ಡಿಯನ್ನೂ ಸರ್ಕಾರಕ್ಕೆ ವಾಪಸ್ ಕಟ್ಟಬೇಕು, ಅದು ಬೇರೆ ಹಣದ ಜೊತೆ ಬೆರೆತರೆ ಲೆಕ್ಕ ಬಿಡಿಸೋದು ಕಷ್ಟ. ಮುಂದಿನ ಕಂತು ಬರೋಕೆ ಹಣಬಳಕೆ ಪ್ರಮಾಣಪತ್ರ ಕೊಡಬೇಕು, ಎಲ್ಲರೂ ಯುಸಿ ಅಂತಾರೆ. ಕೇಂದ್ರದ ಅನುದಾನಕ್ಕೆ ಅದರದೇ ನಮೂನೆ ಇದೆ, ಜಿಎಫ್‌ಆರ್ 12-ಎ. ಆಡಿಟರ್ ಸಹಿಯ ಜೊತೆ ಯುಡಿಐಎನ್, ಅಂದರೆ ಆ ಪತ್ರಕ್ಕೆಂದೇ ಆಡಿಟರ್ ಪಡೆಯುವ ಗುರುತಿನ ಸಂಖ್ಯೆ, ಇದೆಯಾ ನೋಡಿಕೊಳ್ಳಿ. ಒಂದು ಸಲ ಆ ಸಂಖ್ಯೆ ಬಿಟ್ಟುಹೋಗಿ ನಮ್ಮ ಎರಡನೇ ಕಂತು ಎರಡು ತಿಂಗಳು ತಡವಾಯಿತು. ಆ ಎರಡು ತಿಂಗಳು ಹುಡುಗಿಯರಿಗೆ ಸಂಬಳ ಕೊಡೋಕೆ ನಮ್ಮ ಮನೆಯ ಓಲೆ ಅಡವಿಟ್ಟೆ. ನಿಮಗೆ ಹಾಗಾಗುವುದು ಬೇಡ.

ಹಳ್ಳಿಯಲ್ಲಿ ಎಲ್ಲದಕ್ಕೂ ಬಿಲ್ಲು ಸಿಗುವುದಿಲ್ಲ. ಆಟೋದವನು ಬಿಲ್ಲು ಕೊಡುವುದಿಲ್ಲ. ನಮ್ಮದೇ ವೋಚರ್ ಪುಸ್ತಕ ಅಚ್ಚು ಹಾಕಿಸಿದ್ದೇವೆ. ತಾರೀಕು, ಎಲ್ಲಿಂದ ಎಲ್ಲಿಗೆ, ಯಾವ ಸಂಚಿಕೆಗೆ, ಎಷ್ಟು, ಸಹಿ ಅಥವಾ ಹೆಬ್ಬೆಟ್ಟು. ಅವತ್ತಿನದು ಅವತ್ತೇ ಬರೆಯಬೇಕು.

ಇನ್ನೊಂದು ಕಾಗದ ಯಾವ ಕಾರಣಕ್ಕೂ ಬಿಡಬೇಡಿ. ಹಾಡಿದವರ ಒಪ್ಪಿಗೆ ಪತ್ರ. ಅವರ ಭಾಷೆಯಲ್ಲೇ ಓದಿ ಹೇಳಿ. ಈ ದನಿ ಎಲ್ಲೆಲ್ಲಿ ಕೇಳಿಸುತ್ತೇವೆ, ಯಾರು ಹಣ ಕೊಟ್ಟಿದ್ದಾರೆ, ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ತೆಗೆಸಬಹುದು. ಮಕ್ಕಳಾದರೆ ತಂದೆ ತಾಯಿಯ ಸಹಿ ಬೇಕು. ಅನುದಾನದ ಒಪ್ಪಂದದಲ್ಲಿ ರೆಕಾರ್ಡಿಂಗ್ ಮೇಲಿನ ಹಕ್ಕು ಯಾರದು ಅನ್ನೋ ಸಾಲು ಹುಡುಕಿ ಓದಿ. ಎಲ್ಲ ಹಕ್ಕೂ ತಮ್ಮದೇ ಅಂತ ಬರೆದಿದ್ದ ಒಂದು ಒಪ್ಪಂದವನ್ನು ನಾವು ತಿದ್ದಿಸಿದೆವು. ಕೇಳಿದ್ದಕ್ಕೆ ಅವರು ಬೇಸರ ಮಾಡಿಕೊಳ್ಳಲಿಲ್ಲ, ಒಪ್ಪಿದರು. ಅಜ್ಜಿಯ ಪದ ಅಜ್ಜಿಯದೇ ಆಗಿ ಉಳಿಯಿತು.

ಮುಳಬಾಗಿಲಿನ ಆ ಇಬ್ಬರು ಮೊನ್ನೆ ಭಾನುವಾರ ಮತ್ತೆ ಬಂದಿದ್ದರು. ಐದನೇ ಕ್ಲಾಸಿನ ಒಬ್ಬ ಹುಡುಗ ತನ್ನ ತಾತನನ್ನು "ನಮ್ಮೂರ ಕೆರೆ ಕೊನೇ ಸಲ ಕೋಡಿ ಬಿದ್ದದ್ದು ಯಾವಾಗ?" ಅಂತ ಕೇಳುವ ನಾಲ್ಕು ನಿಮಿಷದ ತುಣುಕು ತಂದಿದ್ದರು. ತಾತ ಉತ್ತರ ಹೇಳುವ ಮುಂಚೆ ಸುಮಾರು ಹೊತ್ತು ಸುಮ್ಮನಿರುತ್ತಾರೆ. ಎಡಿಟ್ ಮಾಡುವಾಗ ಅದನ್ನು ಕತ್ತರಿಸಬೇಕಾ ಅಂತ ಕೇಳಿದರು. ಬೇಡ, ಹಾಗೇ ಇರಲಿ ಅಂದೆ. ಈಗ ಅವರು ಎರಡು ಶಾಲೆಗಳಲ್ಲಿ ಅದನ್ನು ಕೇಳಿಸಿ, ಮಕ್ಕಳ ಮಾತು ಬರೆದುಕೊಂಡು ಬರಬೇಕು. ನೋಟ್‌ಬುಕ್ಕನ್ನು ಇಲ್ಲೇ ಪೇಟೆಯಲ್ಲಿ ಕೊಂಡುಕೊಂಡು ಮುಳಬಾಗಿಲು ಬಸ್ ಹತ್ತಿದರು.